ಅತ್ತಿ ಹೋಗಿ ಅತ್ತೆಯಾದದ್ದು

ನಾಲ್ಕು ಜನರ ಮುಂದೆ ಬಾಯಿ ಬಾರದ ನಾನು, ಬರೆಯುವುದಾದರೆ ಯಾರ ಜೊತೆಗೂ ಮಾತಾಡಬೇಕಿಲ್ಲವಲ್ಲ ಅಂತ ಕಾದಂಬರಿಗೆ ಕೈ ಹಾಕಿದೆ. ಅವತ್ತಿನಿಂದ ಎದೆ ಧಸಕ್ಕೆನ್ನದ ವಾರವಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ಕನ್ನಡದಲ್ಲಿ ಬರೆದಳೆಂಬುದೇ ಆಳಂದದ ನಮ್ಮ ಮನೆಗೆ ಆಘಾತ. ಸೊಸೆಯನ್ನು ಗೋಳಾಡಿಸುವ ಅತ್ತೆಯ ಕಥೆ ಅಂತ ತಿಳಿದಾಗಲಂತೂ ಅಪ್ಪ ಬೆವತರು. ಅಫಜಲಪುರದಲ್ಲಿರುವ ಅವರ ಅಕ್ಕನಿಗೆ ಇಬ್ಬರು ಸೊಸೆಯಂದಿರು.

"ನಿಮ್ಮತ್ತಿ ಓದಿ ಹೂಂ ಅಂದ್ರ ಛಾಪಿಸು. ಇಲ್ಲಂದ್ರ ಇಲ್ಲ," ಅಂದರು.

ಬಸ್ಸಿನಲ್ಲಿ

ಸಂಭಾಷಣೆ ಸಹಜವಾಗಿರಲಿ ಅಂತ ಜೇವರ್ಗಿ ಬಸ್ಸಿನಲ್ಲಿ ಕಿವಿ ತೆರೆದು ಕೂತಿದ್ದೆ. ಪಕ್ಕದ ಹೆಂಗಸು ನೆಗೆಣ್ಣಿಯನ್ನು ಕತ್ತೆ ಅಂತ ಬೈದ ಜಗಳವನ್ನು ಫೋನಿನಲ್ಲಿ ಯಾರಿಗೋ ವರ್ಣಿಸುತ್ತಿದ್ದಳು. ನಾನು ಕಿಟಕಿಗೆ ತಿರುಗಿ ಎಲ್ಲವನ್ನೂ ಮೊಬೈಲಿನಲ್ಲಿ ಟೈಪಿಸಿಕೊಂಡೆ. ಅವಳು ಫೋನಿಟ್ಟು ನನ್ನ ಭುಜದ ಮೇಲಿಂದ ಬಗ್ಗಿದಳು. ಮೊಬೈಲನ್ನು ಸೆರಗಿನಡಿ ಮುಚ್ಚಿಟ್ಟೆ.

"ತಂಗಿ, ನಾ ಬರೇ ಕತ್ತಿ ಅಂದಿಲ್ಲ. ಹೊಲಸ ಕತ್ತಿ ಅಂದೀನಿ. ಪೂರಾ ಬರಿ."

ಸ್ಟುಡಿಯೋದಲ್ಲಿ

"ಫೋಟೋ ಯಾತಕ್ಕ ಬೇಕ್ರಿ, ವರಾ ನೋಡಾಕೇನು?" ಅಂದ ಫೋಟೋ ತೆಗೆಯುವವ.

"ಪುಸ್ತಕದ ಬೆನ್ನಿಗ್ರಿ," ಅಂದೆ ಮೆಲ್ಲಗೆ.

"ಬೆನ್ನಿಂದಾ? ಹಂಗಾದ್ರ ಆ ಕಡೆ ತಿರುಗಿ ಕೂಡ್ರಿ."

ತಿದ್ದಬೇಕೆಂದರೆ ಬಾಯಿ ಬರಬೇಕಲ್ಲ. ತಿರುಗಿ ಕೂತೆ.

"ಸ್ವಲ್ಪ ನಗ್ರಿ," ಅಂದ.

ಕಂಪ್ಯೂಟರಿನಲ್ಲಿ

ನಮ್ಮ ಕಡೆ ಅತ್ತೆಗೆ ಅತ್ತಿ ಅಂತೇವೆ. ಪುಸ್ತಕದ ತುಂಬ ಹಾಗೇ ಬರೆದಿದ್ದೆ. ಬೇರೆ ಜಿಲ್ಲೆಯ ಪ್ರಕಾಶಕರು, "ಎಲ್ಲ ಕಡೆ 'ಅತ್ತೆ' ಮಾಡಿಬಿಡಿ, ಓದುವವರಿಗೆ ಸುಲಭ," ಅಂದರು. ಕಂಪ್ಯೂಟರಿಗೆ ಹೇಳಿ ಒಂದೇ ಏಟಿಗೆ ಬದಲಿಸಿದೆ. ಪ್ರಿಂಟ್ ತೆಗೆಸಿ, ಕಣ್ಣಾಡಿಸದೆ ಅಫಜಲಪುರಕ್ಕೆ ಕಳಿಸಿದೆ.

ಆಮೇಲೆ ತೆರೆದು ನೋಡಿದೆ. ನನ್ನ ಸೊಸೆ ಪುಟಪುಟಕ್ಕೂ ಅಳುವವಳು. ಅವಳು ಎಲ್ಲೆಲ್ಲಿ 'ಅತ್ತಿದ್ದಳೋ' ಅಲ್ಲೆಲ್ಲ 'ಅತ್ತೆದ್ದಳು' ಆಗಿತ್ತು, ಅತ್ತೆ ಎದ್ದಳು ಅನ್ನುವ ಹಾಗೆ. 'ಬೆಳಗಿನ ಜಾವದಲ್ಲೇ ಅತ್ತೆದ್ದಳು.' 'ಊಟ ಬಿಟ್ಟು ಅತ್ತೆದ್ದಳು.' 'ಜ್ವರದಲ್ಲೂ ಅತ್ತೆದ್ದಳು.' ಕಾದಂಬರಿಯಲ್ಲಿ ಒಂದು ಹನಿ ಕಣ್ಣೀರು ಉಳಿದಿರಲಿಲ್ಲ.

ಪುಸ್ತಕ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅಫಜಲಪುರದ ಅತ್ತಿಯ ಫೋನು. ಅಪ್ಪ ಸ್ಪೀಕರಿಗೆ ಹಾಕಿ ಕಣ್ಣು ಮುಚ್ಚಿಕೊಂಡರು.

"ಓದಿದ್ನಬೇ," ಅಂದರು ಅತ್ತಿ. ದನಿ ಗದ್ಗದವಾಗಿತ್ತು. "ಪಾಪ, ಆ ಅತ್ತಿ ಎಷ್ಟ ಸಲ ಏಳ್ತಾಳ. ಜ್ವರ ಬಂದ್ರೂ ಏಳ್ತಾಳ. ಆ ಸೊಸಿ ಮಲಕೊಂಡೇ ಇರ್ತಾಳೇನು?"

ನಾನು, "ಅತ್ತಿ, ಅದು ಏನಾಗೇದಂದ್ರ..." ಅಂದೆ.

"ನೀ ಸುಮ್ನಿರು. ಅತ್ತಿ ಸಂಕಟ ಬರ್ದಾಕಿ ನೀ ಒಬ್ಬಾಕೀನೇ. ನಮ್ಮ ಇಬ್ಬರೂ ಸೊಸೇರ್ನ ಕೂಡಿಸಿ ಜೋರಾಗಿ ಓದ್ಸೀನಿ. ಛಾಪಿಸು. ಒಂದಕ್ಷರ ಬದ್ಲಿ ಮಾಡಿದ್ರ ನೋಡು."