ಬೆಳಕಿಲೆ ಅಳೆಯೋ ಮೈದುನಗ ಹೆಣ್ಣು ನೋಡಿದ್ದು

ನಮ್ಮ ಮನಿಗಿ ಒಳ್ಳೇದು ಬರೋದಿದ್ರೂ ನೆಟ್ಟಗ ಮುಂದಿನ ಬಾಗಿಲಿಂದ ಬರೋದಿಲ್ಲ. ಹಿತ್ತಲ ಗೋಡಿ ಹಾರಿ, ಎರಡು ಗಡಿಗಿ ಒಡದು, ಆಮ್ಯಾಲ ಒಳಗ ಬರ್ತದ. ನನ್ನ ಮೈದುನಗ ಇನಾಮು ಬಂದಾಗೂ ಹಂಗೇ ಆತು.

ನಮ್ಮೂರು ಝರಾಸಂಗದ ಬಾಜೂಕ. ಮೈದುನ ಹೈದರಾಬಾದಿನಾಗ ವಿಜ್ಞಾನದ ಕೆಲಸದಾಗಿದ್ದ. ಎಳೇ ವಯಸ್ಸಿನಾಗೇ ಚಲೋ ಕೆಲಸ ಮಾಡಿದ ವಿಜ್ಞಾನಿಗೋಳಿಗಿ ದಿಲ್ಲಿಯಾಗ ಕರದು ಕೊಡೋ ಇನಾಮು ಅವನಿಗಿ ಬಂತು. ಅವನ ಕೆಲಸ ಏನಂದ್ರ, ಬೆಳಕಿಲೆ ಅಳತಿ ಮಾಡೋದು. ನಾ ಸಾಲಿ ಮೆಟ್ಟಲ ಹತ್ತಿದಾಕಿ ಅಲ್ಲ. ಅಂವ ಹೇಳಿದಾಗೆಲ್ಲ ಹೂಂ ಹೂಂ ಅಂತ ರೊಟ್ಟಿ ಬಡೀತಿದ್ದೆ. ಇನಾಮು ಬಂತಂದ್ರ ಹೆಣ್ಣು ಕೊಡೋರು ಓಡಿ ಬರ್ತಾರ ಅಂತ ಮನಿ ಮಂದಿ ಎಲ್ಲಾ ತಿಳದಿದ್ದೆವು. ಆ ಇನಾಮೇ ಲಗ್ನಕ್ಕ ಅಡ್ಡ ಬೀಳ್ತದ ಅಂತ ಯಾರು ಅಂದುಕೊಂಡಿದ್ರು?

ನೆನಪಿಲ್ಲದ ಪ್ರಶ್ನಿ

ಇನಾಮಿಗಿಂತ ಸ್ವಲ್ಪ ಮೊದಲಿನ ಮಾತು. ತಾಂಡೂರಿನ ಹೆಣ್ಣುಮಕ್ಕಳ ಸಾಲ್ಯಾಗ ವಿಜ್ಞಾನದ ಪ್ರದರ್ಶನ ಇಟ್ಟಿದ್ರು. ಮೈದುನ ಅಲ್ಲಿ ಭಾಷಣ ಮಾಡಾಕ ಹೋಗಿದ್ದ. ವಾಪಸ್ ಊರಿಗಿ ಬಂದಂವ ಅಡಗಿ ಮನಿ ಹೊಸ್ತಿಲ ಮ್ಯಾಲ ಕುಂತ. ತಾಟಿನ್ಯಾಗಿನ ರೊಟ್ಟಿ ಹಂಗೇ ಅದ, ಕೈ ಓಡವಲ್ದು.

"ಏನಾತು ತಮ್ಮಾ?" ಅಂದೆ.

"ವೈನಿ, ಭಾಷಣ ಆದ ಮ್ಯಾಲ ಅಲ್ಲಿಯ ಟೀಚರ್ ಒಬ್ಬಾಕಿ ಎದ್ದು ನಿಂತು ಪ್ರಶ್ನಿ ಕೇಳಿದಳ್ರಿ. ಭಾಳ ಚಲೋ ಪ್ರಶ್ನಿ. ಅಂಥಾ ಪ್ರಶ್ನಿ ಹೈದರಾಬಾದಿನಾಗೂ ಯಾರೂ ಕೇಳಿಲ್ಲ."

"ಏನು ಕೇಳಿದಳು?"

ಅಂವ ಸೂರು ನೋಡಿದ, ಒಲಿ ನೋಡಿದ, ಪಲ್ಯದ ಬಟ್ಟಲು ನೋಡಿದ. "ನೆನಪಿಲ್ರಿ," ಅಂದ.

ನಾ ಒಲಿ ಮುಂದಿನಿಂದ ಎದ್ದು ಸೀದಾ ನಮ್ಮ ಅತ್ತಿ ಹಂತ್ಯಾಕ ಹ್ವಾದೆ. "ಅತ್ತಿ, ನಿಮ್ಮ ಮಗಗ ಹೆಣ್ಣು ಹುಡುಕೋ ತ್ರಾಸ ತಪ್ಪಿತು. ಪ್ರಶ್ನಿ ಮರತಾನ, ಕೇಳಿದಾಕಿನ್ನ ಮರತಿಲ್ಲ. ಊರು ತಾಂಡೂರು. ಹೆಸರು ಕೇಳಾಕ ಈಗೇ ಯಾರನ್ನರೆ ಕಳಸ್ರಿ!"

ಆಕಿ ತಂದಿ ತಾಂಡೂರಿನಾಗ ಫರ್ಸಿ ಕಲ್ಲಿಗಿ ಪಾಲಿಶ್ ಹೊಡದು ಮಾರೋ ಸಾವಕಾರ. ನಮ್ಮ ಕಡಿಯ ಮಂದಿನೇ, ಮನ್ಯಾಗ ಕನ್ನಡಾನೇ ಮಾತಾಡೋರು. ನಾವು ಹೆಣ್ಣು ಕೇಳಿ ಕಳಿಸಿದ್ರ ಅಂವ ಇಲ್ಲ ಅನ್ನಲಿಲ್ಲ. "ಹುಡುಗ ಏನು ಮಾಡ್ತಾನ ಅನ್ನೋದು ನನಗ ಪಕ್ಕಾ ತಿಳೀಬೇಕು. ತಿಳೀದ ಕೆಲಸದಂವಗ ನಾ ಮಗಳನ್ನ ಕೊಡೋದಿಲ್ಲ," ಅಂತ ಹೇಳಿ ಕಳಿಸಿದ. ಹೇಳಿ ಸುಮ್ಮ ಕೂಡಲಿಲ್ಲ. ವಿಚಾರಣಿ ಮಾಡಾಕ ಊರೂರಿಗಿ ಮಂದಿ ಬಿಟ್ಟ.

ಪೇಪರಿನಾಗ ಬಂದ ಕಿವಿ

ದಿಲ್ಲಿಯಾಗ ಇನಾಮು ಕೊಟ್ಟ ಫೋಟೊ ಉರ್ದು ಪೇಪರಿನಾಗ ಬಂದದ ಅಂತ ಜಹೀರಾಬಾದಿನಿಂದ ಸುದ್ದಿ ಬಂತು. ಅತ್ತಿ ಹಟ ಹಿಡದು ಬಸ್ಸು ಹತ್ತಿದಳು, ಹಿಂದ ನಾನೂ ಹತ್ತಿದೆ. ಬಸ್ ಸ್ಟಾಂಡ್ ಮುಂದಿನ ಚಹಾದ ಹೋಟೆಲಿನ ಸಾಹೇಬರು ಪೇಪರ್ ಎತ್ತಿ ಇಟ್ಟಿದ್ರು. "ಆವೋ ಅಮ್ಮಾ, ಬರ್ರಿ ಬರ್ರಿ," ಅಂತ ಕುರ್ಚಿ ಹಾಕಿ, ಓದಿ ಹೇಳಿದ್ರು. ನಮ್ಮ ಹುಡುಗನ ಹೆಸರು ಬಂದಲ್ಲಿ ಎರಡು ಸಲ ಓದಿದ್ರು.

ಆಮ್ಯಾಲ ಫೋಟೊ ತೋರಿಸಿದ್ರು. ನಡುವ ದಪ್ಪನ್ನ ಮಂತ್ರಿ, ಅವನ ಕೊಳ್ಳಾಗ ದಪ್ಪನ್ನ ಹಾರ. ಹಾರದ ಹಿಂದ ಅರ್ಧ ಕಿವಿ ಕಾಣಸ್ತಿತ್ತು.

"ನಮ್ಮಂವ ಎಲ್ಲಿ ಅದಾನ?" ಅಂದೆ ನಾ.

ಅತ್ತಿ ಪೇಪರ್ ಮೂಗಿಗಿ ಹಚ್ಚಿ ನೋಡಿದಳು. ಕಣ್ಣಾಗ ನೀರು ಬಂದ್ವು. "ಇದೇ ನೋಡ, ಈ ಕಿವಿ. ಸಣ್ಣಂವಿದ್ದಾಗ ಅಕ್ಕಸಾಲಿಗ ತೂತು ಸೊಟ್ಟ ಹೊಡದಿದ್ದ. ನನ್ನ ಮಗನ ಕಿವಿ ನನಗ ಗೊತ್ತಾಗಲ್ಲೇನು?"

ಅಲ್ಲಿಂದ ಶುರು ಆತು. ಪ್ಯಾಟ್ಯಾಗ ಬಟ್ಟಿ ಅಂಗಡಿ, ಕಿರಾಣಿ ಅಂಗಡಿ, ಬಸ್ಸಿನಾಗ ಬಾಜೂಕ ಕುಂತಾಕಿ, ಯಾರು ಸಿಕ್ಕರೂ ಅತ್ತಿ ಪೇಪರ್ ಬಿಚ್ಚೋದು, ಕಿವಿ ತೋರಿಸೋದು. ತಾಂಡೂರಿನವರು ಬಿಟ್ಟ ಮನಷ್ಯಾನೂ ಅವತ್ತ ಅದೇ ಬಸ್ಸಿನಾಗ ಇದ್ನಂತ, ನಮಗ ಆಮ್ಯಾಲ ತಿಳೀತು. ಅಂವ ಹೋಗಿ ಸಾವಕಾರಗ ಹೇಳಿದ್ದು ಇಷ್ಟೇ: "ಹುಡುಗನ ಮುಖಾ ಹ್ಯಾಂಗದ ಗೊತ್ತಿಲ್ರಿ. ಆದರ ಕಿವಿಗಿ ಭಾಳ ಮಾನ ಅದ."

ನಾರಾಯಣಖೇಡದ ಸತ್ಕಾರ

ಮೈದುನ ದೊಡ್ಡ ಸಾಲಿ ಕಲಿತಿದ್ದು ನಾರಾಯಣಖೇಡದಾಗ. ಅಲ್ಲಿಯವರು ಶಾಲು ಹೊದಿಸಿ ಸತ್ಕಾರ ಮಾಡ್ತೀವಿ ಅಂದ್ರು. ನಾವೂ ಹ್ವಾದೆವು.

ಮೊದಲ ಎದ್ದಂವ ತೆಲುಗಿನಾಗ ಮಾತಾಡಿದ. "ಈ ಹುಡುಗ ಬೆಳಕಿನ ಕೆಲಸ ಮಾಡ್ತಾನ," ಅಂದ. ಅಷ್ಟೇ ಅಂದು ಕುಂತಿದ್ರ ಚಲೋ ಇತ್ತು. ಎರಡನೇದಂವ ಉರ್ದುದಾಗ ಎದ್ದು, ಬೆಳಕು ಅಂದ್ರ ಕಣ್ಣಿನ ಬೆಳಕು, ಕಣ್ಣಿಗಿಂತ ದೊಡ್ಡದು ಏನದ ಅಂತ ಶುರು ಮಾಡಿದ. ಮೂರನೇದಂವ ಕನ್ನಡದಾಗ, ನಮ್ಮೂರ ಕುರುಡರಿಗೆಲ್ಲ ಇನ್ನ ಮ್ಯಾಲ ಚಿಂತಿ ಇಲ್ಲ ಅಂದುಬಿಟ್ಟ. ಚಪ್ಪಾಳಿ ಅಂದ್ರ ಚಪ್ಪಾಳಿ.

ಸಭಾ ಮುಗದು ಶಾಲು ಮಡಚೋದರಾಗ ವ್ಯಾಸಪೀಠದ ಮುಂದ ಮುದುಕ ಮುದುಕೇರ ಸಾಲು ನಿಂತಿತ್ತು. "ನೋಡು ಮಗಾ, ಎಡಗಣ್ಣಾಗ ಪೊರಿ ಬಂದದೇನು?" "ನನಗ ಸೂಜ್ಯಾಗ ದಾರ ಹೋಗವಲ್ದಪ್ಪಾ."

ಮೈದುನ ಭಿಡೆಯ ಮನಷ್ಯಾ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಒಬ್ಬೊಬ್ಬರ ಕಣ್ಣಾಗ ಇಣಕಿ ನೋಡೋದು, "ದವಾಖಾನಿಗಿ ತೋರಿಸ್ರಿ ಅಜ್ಜಾ," ಅನ್ನೋದು. ಕಡೀಕ ಬಂದ ಮುದುಕಿ ಎಲ್ಲರಿಗೂ ಕೇಳೋಹಂಗ ಅಂದಳು: "ಭಾಳ ಚಲೋ ಡಾಕ್ಟರ. ಸೂಜಿ ಚುಚ್ಚಲಿಲ್ಲ, ಔಷಧ ಕೊಡಲಿಲ್ಲ. ಏನೂ ತಿಳೀದೇ ಇದ್ರೂ ಎಷ್ಟು ಪ್ರೀತಿಲೆ ನೋಡಿದ!"

ಕೂದಲಿಗಿಂತ ಸಣ್ಣದು

ಕಣ್ಣಿನ ಡಾಕ್ಟರ ಅನ್ನೋ ಸುದ್ದಿ ತಾಂಡೂರಿಗಿ ಮುಟ್ಟಿತು. ಸಾವಕಾರಗ ಗೊಂದಲ ಆಗಿ, "ಅಳತಿ ಅಂದ್ರಲ್ಲ, ಡಾಕ್ಟರ ಯಾವಾಗ ಆದ?" ಅಂತ ಕೇಳಿ ಕಳಿಸಿದ. ಇನ್ನೇನು ಸರಿ ಮಾಡಬೇಕು ಅನ್ನೋದರಾಗ ನನ್ನ ತವರಿನವರು ನಡುವ ಬಂದ್ರು.

ನನ್ನ ತವರು ಕಲ್ಹೇರ್ ಕಡಿ. ಅಲ್ಲಿ ನನ್ನ ಅಣ್ಣಗೂ ಬಾಜೂ ಹೊಲದವನಿಗೂ ಬದುವಿನ ಜಗಳ. ಪಂಚರೆಲ್ಲ ಕೂಡಿ, "ಅಳತಿ ಮಾಡಿದ್ದಕ್ಕ ದಿಲ್ಲಿಯಾಗ ಇನಾಮು ತೊಗೊಂಡಾನ, ನಿಮ್ಮ ಬೀಗರ ಹುಡುಗನ್ನೇ ಕರಸ್ರಿ," ಅಂದ್ರು. ಹಬ್ಬಕ್ಕಂತ ನನ್ನ ಸಂಗಾಟ ಬಂದಿದ್ದ ಮೈದುನಗ ಹೊಲಕ್ಕ ಕರಕೊಂಡು ಹ್ವಾದ್ರು. ಬದುವಿನ ಗುಂಟ ನಿಂತು ಮಂದಿ ಕಾಯ್ತಿದ್ರು, ಈಗ ಏನೋ ಮಿಂಚು ಹೊಡೀತದ ಅನ್ನೋಹಂಗ.

"ನನ್ನ ಅಳತಿ ಹೊಲಕ್ಕ ನಡೆಯಂಗಿಲ್ರಿ," ಅಂದ ಮೈದುನ. "ನಾ ಅಳೆಯೋದು ಕೂದಲಿಗಿಂತ ಸಣ್ಣದು."

"ಎಷ್ಟು ಸಣ್ಣದು?"

"ಒಂದು ಕೂದಲನ್ನ ಭಾಳ ಸಲ ಸೀಳಿದ್ರ, ಅದರಾಗಿನ ಒಂದು ಎಳಿ ಇರ್ತದಲ್ರಿ, ಅಷ್ಟು."

ಊರ ಪಟವಾರಿ ಅಲ್ಲೇ ಬದುವಿನ ಮ್ಯಾಲ ಬೀಡಿ ಸೇದ್ಕೊಂತ ಕುಂತಿದ್ದ. ಹಿರೇ ಪಂಚ ಅವನ ಕಡಿ ತಿರುಗಿದ. "ಕೂದಲು ಸೀಳಿ ಅಳೆದಂವಗ ದಿಲ್ಲಿಗಿ ಕರದು ಹಾರ ಹಾಕ್ಯಾರ. ನೀ ಈ ಶಿವಾರ ಪೂರಾ ಅಳೆದೀದಿ ಮಾರಾಯಾ, ನಿನಗ ಯಾರೂ ಒಂದು ಚಹಾ ಸೈತ ಕುಡಸಲಿಲ್ಲಲ್ಲೋ!"

ತಾಂಡೂರಿನಾಗ

ಕಡೀಕ ಸಾವಕಾರಗೇ ಬ್ಯಾಸರಾತು. "ಮಂದಿ ಮಾತು ಸಾಕು, ನೀವೇ ಬರ್ರಿ. ತಿಳದ್ರ ಆತು, ತಿಳೀದಿದ್ರ ಬ್ಯಾಡ," ಅಂದ. ಅತ್ತಿ, ನಮ್ಮ ಮನಿಯವರು, ಮೈದುನ, ನಾನು, ವಿಕಾರಾಬಾದಿನಾಗ ಗಾಡಿ ಬದಲಿ ಮಾಡಿ ತಾಂಡೂರಿಗಿ ಹ್ವಾದೆವು. ಈ ಹುಡುಗಿ ಇಲ್ಲಂದ್ರ ಲಗ್ನಾನೇ ಬ್ಯಾಡ ಅಂತ ಮೈದುನ ನನ್ನ ಮುಂದ ಮಾತ್ರ ಅಂದಿದ್ದ.

ಅವರ ಮನಿ ನೆಲ ನೀಲಿ ಫರ್ಸಿ, ಮುಖಾ ಕಾಣೋಹಂಗ ಥಳಥಳ. ಹುಡುಗಿ ಚುರಮುರಿ ಸುಸಲಾ, ಚಹಾ ತಂದು ಇಟ್ಟು ತನ್ನ ಅಜ್ಜಿ ಬಾಜೂಕ ಕುಂತಳು. ಸಾವಕಾರ ಸೀದಾ ಕೇಳಿದ.

"ಒಬ್ಬರು ಕಣ್ಣಿನ ಡಾಕ್ಟರ ಅಂತಾರ. ಒಬ್ಬರು ಹೊಲ ಅಳೆಯಾಕ ಬರದಂವ ಅಂತಾರ. ನೀವರೆ ಹೇಳ್ರಿ, ಏನು ಮಾಡ್ತೀರಿ?"

"ಹೇಳೋದಿಲ್ರಿ, ತೋರಸ್ತೀನಿ," ಅಂದ ಮೈದುನ. ಚೀಲದಾಗಿಂದ ದಪ್ಪನ್ನ ಎರಡು ಗುಂಡ ಗಾಜು ತೆಗದ. ಒಂದರ ಮ್ಯಾಲ ಒಂದಿಟ್ಟು ಹಳದಿ ಬೆಳಕಿನಾಗ ನೋಡಿದ್ರ ಕರೀ ಗೆರಿ ಕಾಣ್ತಾವಂತ. ಗೆರಿ ಸೀದಾ ಇದ್ರ ಗಾಜು ಸಪಾಟ, ಡೊಂಕಿದ್ರ ಉಬ್ಬು. ಸಾವಕಾರಗ ಖುಷಿ ಆತು. ಅವನ ಕಲ್ಲಿನ ಧಂದಾನೂ ಸಪಾಟ ಮಾಡೋದೇ ಅಲ್ಲೇನು! "ತೋರಸ್ರಿ, ತೋರಸ್ರಿ," ಅಂದ. ಪಂಪ್ ಹೊಡೆಯೋ ಸ್ಟೋ ತರಿಸಿ ನಡುಮನ್ಯಾಗ ಹಚ್ಚಿದ್ರು, ಕಿಟಕಿ ಬಾಗಿಲು ಮುಚ್ಚಿ ಕತ್ತಲಿ ಮಾಡಿದ್ರು.

"ಒಂದು ಹಿಡಿ ಉಪ್ಪು ಕೊಡ್ರಿ," ಅಂದ ಮೈದುನ. ಸುಸಲಾಕ್ಕ ಉಪ್ಪು ಕಮ್ಮಿ ಆಗ್ಯಾದೇನೋ ಅಂತ ಅಜ್ಜಿ ಓಡಿ ತಂದು ಕೊಟ್ಟಳು.

ಅಂವ ಉಪ್ಪು ತೊಗೊಂಡು ಬೆಂಕಿಗಿ ಹಾಕಿದ. ಚಟಚಟ ಸಿಡೀತು. ಉರಿ ಹಳದಿ ಆಗಿ, ಕುಂತೋರ ಮುಖಕ್ಕೆಲ್ಲ ಅರಿಷಿಣ ಹಚ್ಚಿದಂಗಾತು.

ಅಜ್ಜಿ ಧಡಕ್ಕನೆ ಎದ್ದಳು. "ಏನ್ರಿ ಇದು? ನಮ್ಮ ಮನ್ಯಾಗ ಕುಂತು, ನಮ್ಮ ಕೈಲೆ ಉಪ್ಪು ಇಸಗೊಂಡು, ನಮ್ಮ ಮುಂದೇ ದೃಷ್ಟಿ ತಕ್ಕೊಂತೀರೇನು? ನಮ್ಮ ಕಣ್ಣು ಅಷ್ಟು ಕೆಟ್ಟವೇನು?"

ಮೈದುನ "ಅಲ್ರಿ, ಹಳದಿ ಬೆಳಕಿಗಿ ಉಪ್ಪು ಬೇಕಾಗ್ತದ್ರಿ..." ಅನ್ನೋದರಾಗ ನಮ್ಮ ಅತ್ತಿ ಕೈ ಮುಗದು ಮ್ಯಾಲ ನೋಡಿದಳು. "ಈಗರೆ ಬುದ್ಧಿ ಬಂತು ನೋಡ್ರಿ ನನ್ನ ಮಗಗ! ದೃಷ್ಟಿ ಗಿಷ್ಟಿ ಎಲ್ಲಾ ಸುಳ್ಳು ಅಂತಿದ್ದ. ನಿಮ್ಮ ಮನಿಗಿ ಬಂದ ಮ್ಯಾಲೇ ಖರೇ ಅಂತ ತಿಳೀತು!"

ಸಾವಕಾರನ ಮುಖಾ ಕಲ್ಲಾತು. ನಮ್ಮ ಮನಿಯವರು ಚಪ್ಪಲಿ ಎಲ್ಲವ ಅಂತ ಬಾಗಿಲ ಕಡಿ ನೋಡಾಕ ಹತ್ತಿದ್ರು. ಹುಡುಗಿ ತಲಿ ಬಗ್ಗಿಸಿದಳು.

ನನ್ನ ಬಾಯಿಗಿ ಹ್ಯಾಂಗ ಬಂತೋ ಏನೋ. "ಅಜ್ಜಿ, ತನಗ ತಕ್ಕೊಂಡಿಲ್ರಿ ಅಂವ! ನಿಮ್ಮ ಮೊಮ್ಮಗಳಿಗಿ ತೆಗದಾನ. ಬಂದಾಗಿಂದ ನಾವು ಇಷ್ಟು ಮಂದಿ ಆಕಿನ್ನೇ ಪಿಳಿಪಿಳಿ ನೋಡಾಕತ್ತಿಲ್ಲೇನ್ರಿ? ನಮ್ಮ ಕಣ್ಣು ಆಕಿಗಿ ಹತ್ತಬಾರದಂತ!"

ಅಜ್ಜಿ ನಿಂತಲ್ಲೇ ನಿಂತಳು. ಮುಖಾ ಸಡಲಾತು. "ಎಷ್ಟು ಮಂದಿ ಬಂದ್ರು, ನೋಡಿದ್ರು, ತಿಂದ್ರು, ಹ್ವಾದ್ರು. ನನ್ನ ಕೂಸಿನ ದೃಷ್ಟಿ ತೆಗೀಬೇಕಂತ ಒಬ್ಬಗರೆ ಅನಿಸ್ತೇನು?" ಅಂತ ಸೆರಗಿಲೆ ಕಣ್ಣು ಒರಸ್ಕೊಂಡಳು. "ಆದರ ತಮ್ಮಾ, ಬರೇ ಉಪ್ಪಿಲೆ ಹೋಗ್ತದೇನು? ಕಲಿತಂವ ಅದೀದಿ, ಇಷ್ಟು ತಿಳೀಲಿಲ್ಲೇನು?" ಅಂದು ಒಳಗ ಹೋಗಿ ಹಿಡಿ ತುಂಬ ಒಣ ಮೆಣಸಿನಕಾಯಿ ತಂದು, ಹುಡುಗಿಗಿ ನಿವಾಳಿಸಿ, ಸ್ಟೋದಾಗ ಸುರಿವಿದಳು.

ಮುಚ್ಚಿದ ಮನಿ. ಆ ಘಾಟು ಏನು ಹೇಳಲಿ! ಅತ್ತಿ ಕೆಮ್ಮಿದಳು, ನಮ್ಮ ಮನಿಯವರು ಸೀನಿದ್ರು. ಅಜ್ಜಿ ಮಾತ್ರ ಕೆಮ್ಮುಕೊಂತೇ ಕುಣೀತಿದ್ದಳು. "ಘಾಟು ಬಂತು! ಘಾಟು ಬಂತು! ಯಾರ ಕಣ್ಣೂ ಕೆಟ್ಟಿಲ್ಲ!"

ಸಾವಕಾರ ಕಣ್ಣು ಕಾಣದೇ ಗೋಡಿ ತಡವಿಕೊಂತ ಒದರಿದ: "ಮಗಳನ್ನ ಕೊಟ್ಟೀನ್ರೋ, ಕೊಟ್ಟೀನಿ! ಮೊದಲ ಬಾಗಿಲ ತೆಗೀರಿ!"

ಬಾಗಿಲ ತೆಗದು ಎಲ್ಲಾರೂ ಅಂಗಳಕ್ಕ ಬಿದ್ದೆವು. ಎಣಿಸಿ ನೋಡಿದ್ರ ಇಬ್ಬರು ಕಮ್ಮಿ. ನಾ ಮೂಗಿಗಿ ಸೆರಗು ಹಿಡದು ಒಳಗ ಇಣಕಿದೆ. ಹೊಗಿ ನಡುವ ಇಬ್ಬರೂ ಕುಂತಿದ್ರು, ಕಣ್ಣಾಗ ಮೂಗಿನಾಗ ನೀರು. ಗಾಜು ಆಕಿ ಕೈಯಾಗಿತ್ತು.

"ಗೆರಿ ಕಾಣ್ತಾವೇನ್ರಿ?" ಅಂದ ಮೈದುನ.

"ಕಾಣ್ತಾವ್ರಿ. ಆದರ ಡೊಂಕ ಅದಾವ. ಇದಕ್ಕೇನ್ರಿ ಇನಾಮು ಕೊಟ್ಟಿದ್ದು?"

"ಗಾಜು ಸಪಾಟೇ ಅದ್ರಿ. ನೀವು ಬೆರಳಿಟ್ಟೀರಲ್ರಿ, ಆ ಬಿಸಿಗಿ ಉಬ್ಬ್ಯಾದ. ಬೆರಳು ತೆಗದು ಸ್ವಲ್ಪ ತಡದ್ರ ಸೀದಾ ಆಗ್ತಾವ."

ಅಂಗಳದಾಗಿಂದ ಅಜ್ಜಿ ಕೂಗಿದಳು: "ಏ, ದೃಷ್ಟಿ ಹ್ವಾತು, ಹೊರಗ ಬರ್ರಿ! ಒಳಗ ಇನ್ನೂ ಏನು ಅಳೆಯಾಕತ್ತೀರಿ?"

"ಗೆರಿ ಸೀದಾ ಆಗಲಿ ಅಜ್ಜಿ, ಬಂದೆವು!" ಅಂದಳು ಹುಡುಗಿ. ಬೆರಳು ಮಾತ್ರ ತೆಗೀಲಿಲ್ಲ.