ಪ್ಯಾರಿಸ್ಸಿನ ಬಾಲಂಗೋಚಿ

ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಹಾಜರಿದ್ದವರು: ನಾನು, ನಮ್ಮ ಯಜಮಾನರು, ಮೊಮ್ಮಗಳು ಸಿಂಚನ, ಪಕ್ಕದ ಮನೆಯ ಸಿದ್ದಮ್ಮ. ತಿಪಟೂರಿನ ಹುಡುಗಿಯರಿಗೆ ಡ್ರಿಲ್ ಕಲಿಸಿ ನಿವೃತ್ತಳಾದವಳು ನಾನು. ಹಾಜರಿ ಹಾಕದೆ ಯಾವ ಕೆಲಸವನ್ನೂ ಶುರುಮಾಡಿ ಅಭ್ಯಾಸವಿಲ್ಲ. ಅಂದಿನ ಕೆಲಸ, ಟಿ.ವಿ.ಯಲ್ಲಿ ಪ್ಯಾರಿಸ್ಸಿನ ಹೊಸ ಉಡುಪುಗಳ ಮೆರವಣಿಗೆ ನೋಡುವುದು. ಸಿಂಚನ ತುಮಕೂರಿನಲ್ಲಿ ಫ್ಯಾಷನ್ ಡಿಸೈನ್ ಓದುತ್ತಾಳೆ. ಮರುದಿನ ಅವಳ ಕಾಲೇಜಿನಲ್ಲಿ ಕೊನೆಯ ಪ್ರದರ್ಶನ. ಅವಳು ಹೊಲಿದದ್ದನ್ನು ತೊಟ್ಟು ವೇದಿಕೆಯ ಮೇಲೆ ನಡೆಯಬೇಕಾದವಳು ನಾನು. "ನಿನ್ನಷ್ಟು ನೆಟ್ಟಗೆ ನಡೆಯೋರು ನಮ್ ಕ್ಲಾಸಲ್ಲೇ ಇಲ್ಲ ಕಣಜ್ಜಿ" ಎಂದಾಗ ಹೊಗಳಿಕೆಗೆ ಉಬ್ಬಿ ಹೂಂ ಅಂದುಬಿಟ್ಟಿದ್ದೆ. ನಾನು ಎಡವಿದರೆ ಅವಳ ಅಂಕಕ್ಕೆ ಕತ್ತರಿ ಬೀಳುತ್ತದೆ ಎನ್ನುವುದು ಆಮೇಲೆ ಗೊತ್ತಾಯಿತು. ಅದಕ್ಕೇ ಈ ಪಾಠ.

ಪ್ಯಾರಿಸ್ಸಿನ ಹುಡುಗಿಯರಿಗೆ ಯಾರೋ ಚೆನ್ನಾಗಿ ಡ್ರಿಲ್ ಕಲಿಸಿದ್ದಾರೆ, ಒಪ್ಪಿಕೊಳ್ಳಬೇಕು. ನೋಟ ಮುಂದೆ, ಗದ್ದ ಮೇಲೆ, ಒಬ್ಬಳಿಗೂ ಇನ್ನೊಬ್ಬಳಿಗೂ ನಡುವೆ ಅಂತರ ಕೆಡುವುದಿಲ್ಲ. ನನ್ನ ಹುಡುಗಿಯರಾದರೋ ಸ್ವಾತಂತ್ರ್ಯ ದಿನದ ಕವಾಯತಿನಲ್ಲಿ ಅವ್ವ ಕಂಡರೆ ಸಾಕು, ಸಾಲು ಬಿಟ್ಟು ಹಲ್ಲು ಕಿರಿಯುತ್ತಿದ್ದರು. ಆದರೆ ಇವರು ಕೈ ಬೀಸುವುದಿಲ್ಲ. ಅದು ನನಗೆ ಹಿಡಿಸಲಿಲ್ಲ. ಒಬ್ಬಳು ಗಂಟೆಯ ಆಕಾರದ ಲಂಗ ತೊಟ್ಟು ಬಂದಳು. ಅವಳು ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಬೇಕಾದರೆ ಮೊದಲು ಬಸ್ಸಿನ ಬಾಗಿಲು ಕೀಳಬೇಕು. ಇನ್ನೊಬ್ಬಳಿಗೆ ಮೈತುಂಬ ಗರಿ. "ಅಯ್ಯಯ್ಯೋ, ಎಷ್ಟು ಕೋಳಿ ಪುಕ್ಕ ಕಿತ್ತವ್ರೋ!" ಎಂದಳು ಸಿದ್ದಮ್ಮ. ಯಜಮಾನರು ಅಟ್ಟದಿಂದ ಇಳಿಸಿದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದರು. ಬೆರಳು ಮುಚ್ಚಿ ಮೊಳದುದ್ದ ಜೋತಾಡುವ ತೋಳಿನ ಅಂಗಿಯ ಹುಡುಗಿ ಬಂದಾಗ ಮಾತ್ರ ತಲೆಯೆತ್ತಿ, "ಪಾಪ, ಆ ಮಗು ಊಟ ಹೆಂಗ್ ಮಾಡ್ತದೆ?" ಎಂದು ಮರುಗಿದರು.

ಇಷ್ಟೆಲ್ಲ ಹಾಸ್ಯ ಮಾಡಿದ ನನ್ನ ಬಾಯಿಯನ್ನು ಒಂದು ಉಡುಪು ಮುಚ್ಚಿಸಿತು. ಕೆನೆಬಣ್ಣದ್ದು. ಹುಡುಗಿ ಹೆಜ್ಜೆಯಿಟ್ಟಂತೆಲ್ಲ ಅದರ ನೆರಿಗೆಗಳು ಆಗತಾನೇ ಒಡೆದ ಹೊಂಬಾಳೆಯಂತೆ ಬಿಚ್ಚಿಕೊಳ್ಳುತ್ತಿದ್ದವು. ಹಿಂದೆ ಉದ್ದನೆಯ ಬಾಲಂಗೋಚಿ, ಸದ್ದಿಲ್ಲದೆ ನೆಲದ ಮೇಲೆ ಹರಿದು ಬರುತ್ತಿತ್ತು. ಎಷ್ಟು ಜನ ಕೂತು ಹೊಲಿದರೋ! ಪಕ್ಕಕ್ಕೆ ನೋಡಿದರೆ ಸಿಂಚನ ಟಿ.ವಿ. ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು.

ಅವಳು ಹೊಲಿದದ್ದಕ್ಕೂ ಅಂಥದೇ ಬಾಲಂಗೋಚಿ. ಸಿದ್ದಮ್ಮನ ತವರು ಹುಳಿಯಾರಿನ ಕಡೆಯ ಕುರಿ ಸಾಕುವ ಹಟ್ಟಿ. ಅಲ್ಲಿಂದ ತರಿಸಿದ ಕರಿ ಕಂಬಳಿಯ ನಿಲುವಂಗಿ. ಅದನ್ನು ತೊಟ್ಟು ಅಂಗಳಕ್ಕಿಳಿದೆ. ಯಜಮಾನರೂ ಕಾಯಿರಾಶಿ ಸಮೇತ ಅಲ್ಲಿಗೇ ಬಂದು ಕೂತರು. ನಾಲ್ಕು ಹೆಜ್ಜೆ ಹೋಗಿರಬೇಕು, ಸಿಂಚನ ಕಿರುಚಿದಳು. ನೋಡಿಕೊಂಡರೆ ಬಾಲಂಗೋಚಿ ನನ್ನ ಸೊಂಟದಲ್ಲಿತ್ತು! ತೋಟಕ್ಕೆ ಕಾಲಿಡುವ ಮುಂಚೆ ಸೀರೆಯ ಅಂಚೆತ್ತಿ ಸೊಂಟಕ್ಕೆ ಸಿಕ್ಕಿಸುವುದು ನಮ್ಮ ಕಡೆಯ ಹೆಂಗಸರಿಗೆ ಉಸಿರಾಟದಷ್ಟೇ ಸಹಜ. ಕೈ ನನ್ನನ್ನು ಕೇಳಲೇ ಇಲ್ಲ.

"ಅಜ್ಜೀ, ಅದು ನೆಲದ ಮೇಲೇ ಎಳೀಬೇಕು!"

"ನೆಲದ ತುಂಬ ನಾರು, ಕಸ, ಕಣೇ."

"ಪ್ಯಾರಿಸ್ಸಲ್ಲಿ ಎಳೀಲಿಲ್ವಾ?"

ಮತ್ತೆ ನಡೆದೆ. ಮತ್ತೆ ಸೊಂಟ. ಕೈಗಳಿಗೆ ಗಟ್ಟಿಯಾಗಿ ಸಾವಧಾನ್ ಹೇಳಿ ಹೊರಟೆ. ತಿರುಗುವಷ್ಟರಲ್ಲಿ ಅದೇ ಕಥೆ. "ಬುಡಿ ಟೀಚರಮ್ಮ, ಕುರಿ ಹೊಡ್ಕೊಂಡು ಹೊಂಟಂಗೇ ಇದೀರ" ಎಂದು ಸಿದ್ದಮ್ಮ ನಕ್ಕಳು. ಸಿಂಚನ ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಉಗುರು ಕಚ್ಚತೊಡಗಿದಳು.

"ನಿನ್ನ ಫ್ರೆಂಡ್ ಯಾರಾದ್ರೂ ಹಾಕ್ಕೊಳ್ಳಲಿ" ಎಂದೆ.

"ಇದು ನಿನ್ನ ಅಳತೇದು. ನಿನ್ನ ನಡಿಗೆ ನೋಡ್ಕೊಂಡೇ ಹೊಲಿದಿದ್ದು. ಬೇರೆಯವರ ಮೈಮೇಲೆ ಇದು ಬರೀ ಕಂಬಳಿ ಕಣಜ್ಜಿ."

ಸಾಲುಸಾಲು ಹುಡುಗಿಯರನ್ನು ನೆಟ್ಟಗೆ ನಿಲ್ಲಿಸಿದವಳಿಗೆ ತನ್ನದೇ ಬಲಗೈ ಹಿಡಿತಕ್ಕೆ ಸಿಗುತ್ತಿಲ್ಲ! ಆಮೇಲೆ ಹೊಳೆಯಿತು: ತಪ್ಪು ಕೈಯದಲ್ಲ, ಅಂಗಳದ್ದು. ನಿಲುವಂಗಿ ಬಿಚ್ಚಿ ಮಡಿಸಿಟ್ಟೆ. ಕಡ್ಡಿಪೊರಕೆ ಹಿಡಿದು ಬೇಲಿಯಿಂದ ಬಾಗಿಲವರೆಗೆ ಒಂದು ಎಳೆ ನಾರೂ ಉಳಿಯದಂತೆ ಗುಡಿಸಿದೆ. ಯಜಮಾನರನ್ನೂ ಅವರ ಕಾಯಿರಾಶಿಯನ್ನೂ ಮೂಲೆಗೆ ತಳ್ಳಿದೆ. ಮತ್ತೆ ನಿಲುವಂಗಿ ತೊಟ್ಟು ನಡೆದೆ. ಬಾಲಂಗೋಚಿ ಸದ್ದಿಲ್ಲದೆ ಹಿಂದೆ ಬಂತು. ಬೇಲಿಯ ಹತ್ತಿರ ತಿರುಗಿದೆ, ಅದೂ ತಿರುಗಿತು. ಕೈ ಎರಡೂ ಪಕ್ಕದಲ್ಲೇ ಇದ್ದವು. ಯಜಮಾನರು ಕಿವಿಗೆ ಹಿಡಿದ ಕಾಯಿಯನ್ನು ಅಲ್ಲಾಡಿಸುವುದನ್ನೇ ಮರೆತಿದ್ದರು. "ಏಯ್, ಚೆನ್ನಾಗ್ ಕಾಣ್ತೀಯ ಕಣೇ" ಎಂದರು. ಸಿಂಚನ ಓಡಿಬಂದು ತಬ್ಬಿಕೊಂಡಳು. ಬಾಲಂಗೋಚಿ ತುಳಿದಳೆಂದು ಗದರಿಸಿದೆ.

ಸಂಜೆ ನಾಳೆಗೆಂದು ಚೀಲ ಕಟ್ಟುವಾಗ ನನ್ನ ಕೈಯಲ್ಲಿದ್ದ ಕಡ್ಡಿಪೊರಕೆ ಕಂಡು ಸಿಂಚನ ಹುಬ್ಬೇರಿಸಿದಳು. "ಅಜ್ಜೀ, ಪೊರಕೆ ಯಾಕೆ? ಕಾಲೇಜಲ್ಲಿ ಗುಡಿಸೋರು ಇರ್ತಾರೆ."

"ಇರ್ತಾರೆ ಕಣೇ. ಗುಡಿಸಿರ್ತಾರೆ ಅಂತ ಏನು ಗ್ಯಾರಂಟಿ?"

ನಿಲುವಂಗಿಯನ್ನು ಕೆಳಗಿಟ್ಟು, ಪೊರಕೆಯನ್ನು ಪೇಪರಿನಲ್ಲಿ ಸುತ್ತಿ ಮೇಲಿಟ್ಟು, ಜಿಪ್ ಎಳೆದೆ. ಕಡ್ಡಿಗಳು ಒಂದಿಷ್ಟು ಹೊರಗೇ ಉಳಿದವು. ಅವನ್ನು ಒಳಗೆ ಸಿಕ್ಕಿಸಿದ್ದಾಯಿತು. ಆ ದಿನದ ಕೆಲಸ ಮುಗಿಯಿತು.