ಮಾವನವರು ಕಟ್ಟಿದ ಕಾರಿನ ಬೆಲೆ

ನನ್ನ ಕಾರಿಗೆ ನಿಜವಾದ ಬೆಲೆಗೇ ವಿಮೆ ಮಾಡಿಸುವುದು ಬಲು ಸುಲಭದ ಕೆಲಸ ಎಂದು ನಾನು ತಿಳಿದಿದ್ದೆ. ಇದ್ದದ್ದನ್ನು ಇದ್ದಂತೆ ಹೇಳುವುದಕ್ಕೆ ಕಷ್ಟವೇನು?

ಕಾರು ಹಳೆಯ ವಿಲಾಯತಿ ಮಾಲು. ಪೆಟ್ರೋಲಿನ ದರ ಏರಿದಾಗ ಅದನ್ನು ಓಡಿಸುವುದೇ ಬೇಡವೆನಿಸಿತು. ಹೆಂಡತಿ ಶಾಂತಾ ಕೈಯಲ್ಲಿನ ಬಂಗಾರದ ಪಾಟ್ಲಿ ಬಳೆಗಳನ್ನು ಬಿಚ್ಚಿ ಕೊಟ್ಟಳು. ಅವನ್ನು ಮಾರಿ ಡೀಸೆಲ್ ಎಂಜಿನ್ ಕೂಡಿಸಿದೆ, ಲಾರಿಯ ಸ್ಪ್ರಿಂಗ್ ಹಾಕಿಸಿದೆ, ಹಿಂದಿನ ಸೀಟನ್ನು ಮಡಚುವಂತೆ ಮಾಡಿಸಿದೆ. ದ್ರಾಕ್ಷಿಯ ಸುಗ್ಗಿಯಲ್ಲಿ ತಿಕೋಟಾದಿಂದ ವಿಜಾಪುರಕ್ಕೆ ಬುಟ್ಟಿ ತರುವುದು, ಲಗ್ನದ ದಿನಗಳಲ್ಲಿ ಮದುಮಕ್ಕಳನ್ನು ಒಯ್ಯುವುದು. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಕಾರಿನಿಂದ.

ಆದರೆ ನನ್ನ ನೆಮ್ಮದಿ ಹೋಯಿತು. ಎದುರಿಗೆ ಲಾರಿ ಬಂದರೆ ಅದು ಶಾಂತಾಳ ಪಾಟ್ಲಿಗೇ ಗುದ್ದಲು ಬರುತ್ತಿದೆ ಅನಿಸಿ ಕಾರನ್ನು ರಸ್ತೆಯ ಕೆಳಗೆ ಇಳಿಸಿಬಿಡುತ್ತಿದ್ದೆ. ಕಾರಿಗೆ ವಿಮೆಯೇನೋ ಇತ್ತು. ಅದು ಹಳೆಯ ಎಂಜಿನ್ನಿನ ಹಳೆಯ ಬೆಲೆಗೆ! ಕಾರು ಹಳ್ಳಕ್ಕೆ ಬಿದ್ದರೆ ಬರುವ ದುಡ್ಡಿನಲ್ಲಿ ಒಂದು ಪಾಟ್ಲಿಯೂ ತಿರುಗಿ ಬರುವಂತಿರಲಿಲ್ಲ. 'ನಿನ್ನ ಬಂಗಾರವನ್ನು ವಿಮೆಯ ಕಾಗದದ ಮೇಲಾದರೂ ತಂದು ತೋರಿಸುತ್ತೇನೆ' ಎಂದು ಶಾಂತಾಳಿಗೆ ಮಾತು ಕೊಟ್ಟೆ.

ವಿಮೆಯ ಸಾಹೇಬರು ಬಂದು ಕಾರನ್ನು ಎರಡು ಸುತ್ತು ಹಾಕಿದರು. ಮೈ ಒಂದು ಕಡೆಯದು, ಎಂಜಿನ್ ಇನ್ನೊಂದು ಕಡೆಯದು. ಇಂಥ ಪ್ರಾಣಿ ತಮ್ಮ ಬೆಲೆಪಟ್ಟಿಯಲ್ಲೇ ಇಲ್ಲ, ರಸೀದಿಗಳನ್ನಾದರೂ ಕೊಡಿ ಎಂದರು. ರಸೀದಿ ಕೊಡುವ ಮೇಸ್ತ್ರಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಾಗಾದರೆ ಕಾರನ್ನು ಬಲ್ಲ ಇಬ್ಬರು ಮರ್ಯಾದಸ್ಥರು ಬೆಲೆ ಹೇಳಲಿ ಎಂದು ತೀರ್ಮಾನವಾಯಿತು. ನನಗೆ ಪರಮಾನಂದ. ಸಾಹೇಬರನ್ನು ಅದೇ ಕಾರಿನಲ್ಲಿ ಕೂಡಿಸಿಕೊಂಡು ಹೊರಟೆ.

ತಿಕೋಟಾದಲ್ಲಿ ದ್ರಾಕ್ಷಿ ತೋಟದ ಗೆಳೆಯ ಬಾಬುಸಾಬನಿಗೆ ಮೊದಲೇ ಎಲ್ಲ ಹೇಳಿಟ್ಟಿದ್ದೆ. ಅವನು ನನ್ನ ಮೇಲಿನ ಪ್ರೀತಿಗೆ ಕಾರನ್ನು ಎಷ್ಟು ಹೊಗಳಿದನೆಂದರೆ, ಇದು ನೀರಿನ ಮೇಲೂ ಹೋದೀತು ಎಂಬಲ್ಲಿಗೆ ಬಂದು ನಿಂತ. ಹೇಳಿದ ಬೆಲೆಯಲ್ಲಿ ಎರಡು ಹೊಸ ಕಾರು ಬರುತ್ತಿದ್ದವು. ಸಾಹೇಬರು ಪೆನ್ನು ಮುಚ್ಚಿ, ಇನ್ನು ಎರಡನೆಯವರು ಹೇಳಿದ್ದೇ ಖಾಯಂ ಎಂದರು.

ಎರಡನೆಯವರು ಬಬಲೇಶ್ವರದ ನನ್ನ ಮಾವನವರು. ಊರಿಗೇ ನ್ಯಾಯ ಹೇಳುವವರು. ಅಂಥವರಿಗೆ ಹೇಳಿಕೊಡುವುದೇ ಅಪಮಾನವೆಂದು ನಾನು ಏನೂ ತಿಳಿಸಿರಲಿಲ್ಲ. ಶಾಂತಾಳೂ ತವರಿಗೆ ಬಂದು ಅಲ್ಲೇ ಇದ್ದಳು. ಇನ್ನೇನು ಬೇಕು?

ಮಾವನವರು ಸಾಹೇಬರ ಚರ್ಮದ ಚೀಲ ನೋಡಿದರು. ಪೆನ್ನು ನೋಡಿದರು. ಆಮೇಲೆ ನನ್ನನ್ನು ಕನಿಕರದಿಂದ ನೋಡಿದರು. ಚೀಲ ಹಿಡಿದು ಬಂದ ಅಧಿಕಾರಿ ಆಸ್ತಿಯ ಬೆಲೆ ಕೇಳಿದರೆ ಅದು ತೆರಿಗೆ ಹಾಕುವುದಕ್ಕೇ ಎಂದು ಅವರ ಲೆಕ್ಕ. ಅಂಥವರ ಮುಂದೆ ಅವರ ಬಾವಿಯಲ್ಲಿ ಎಂದೂ ನೀರಿರುತ್ತಿರಲಿಲ್ಲ, ಎಮ್ಮೆ ಹಾಲು ಕೊಡುತ್ತಿರಲಿಲ್ಲ. ಈ ಸಂಗತಿ ನನಗೆ ಹೊಳೆಯುವಷ್ಟರಲ್ಲಿ ಅವರು ಶುರುಮಾಡಿಬಿಟ್ಟಿದ್ದರು.

"ಇದಕ್ಕೇನ್ ಬೆಲಿರಿ ಸಾಹೇಬ್ರ? ಮಂದಿ ನೂಕಿದ್ರ ಹೋಗತೈತಿ, ಬಿಟ್ರ ನಿಂದರತೈತಿ."

ನಾನು ಕೆಮ್ಮಿದೆ. ಇಷ್ಟು ಸಾಲದು ಎಂದು ಅವರು ಅರ್ಥ ಮಾಡಿಕೊಂಡರು. ಎಂಜಿನ್ನು ಹಿಟ್ಟಿನ ಗಿರಣಿಯಲ್ಲಿ ಕೆಟ್ಟು ಕೂತದ್ದೆಂದರು. ಕಣ್ಣು ಮಿಟುಕಿಸಿದೆ. ಲಾರಿಯ ಸ್ಪ್ರಿಂಗ್ ಅವರ ಬಾಯಲ್ಲಿ ಗುಜರಿಯ ಮಾಲಾಯಿತು. ಮೆಲ್ಲಗೆ ಅವರ ಕಾಲು ತುಳಿದೆ. ಅವರು ನನ್ನ ಕಾಲನ್ನು ತಿರುಗಿ ತುಳಿದು ಧೈರ್ಯ ಹೇಳಿದರು.

"ಕೋಳಿ ಕೂಡಾಕ ಆದೀತು, ಕೊಟ್ಟಬಿಡ್ರಿ ಅಂತ ಅಳಿಯಾರ್ನ ನಾನ ಕೇಳಾಕತ್ತೀನ್ರಿ," ಎಂದು ಮುಗಿಸಿದರು.

ಅವರು ಸುಳ್ಳು ಹೇಳುತ್ತಿದ್ದಾರೆ ಎನ್ನಲು ಬಾಯಿ ತೆರೆದೆ. ಸ್ವಂತ ಮಾವನವರನ್ನು, ಅವರದೇ ಕಟ್ಟೆಯ ಮೇಲೆ, ಓಣಿಯ ಮಂದಿಯ ಮುಂದೆ! ತೆರೆದ ಬಾಯಿಗೆ ಚಹಾ ಸುರುವಿಕೊಂಡೆ. ಕಾಗದದ ಮೇಲೆ ಹಳೆಯ ವಿಮೆಗಿಂತಲೂ ಕಡಿಮೆ ಬೆಲೆ ಬಿತ್ತು. ಮೊದಲಿದ್ದದ್ದೂ ಹೋಯಿತು! ಸಾಹೇಬರು ಸಹಿ ಮಾಡಿಸಿಕೊಂಡು, ವಿಜಾಪುರಕ್ಕೆ ಬಸ್ಸು ಎಷ್ಟೊತ್ತಿಗೆ ಎಂದು ಮೆಲ್ಲಗೆ ವಿಚಾರಿಸಿದರು. ನನ್ನ ಕಾರಿನಲ್ಲಿ ಮರಳುವ ಧೈರ್ಯ ಅವರಿಗೆ ಉಳಿದಿರಲಿಲ್ಲ.

ಅವರ ಬೆನ್ನು ತಿರುಗಿದ್ದೇ ತಡ, ಮಾವನವರು ನನ್ನ ಕಿವಿಯಲ್ಲಿ, "ಹೆಂಗ ಪಾರ ಮಾಡಿದೆ ನೋಡ್ರಿ ಅಳಿಯಾರ," ಎಂದು ಹೆಮ್ಮೆಪಟ್ಟರು. ನನಗೆ ಅಳು ಬರುವಂತಾಯಿತು. ಅಷ್ಟರಲ್ಲಿ ಬಾಗಿಲಿನ ಮರೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಶಾಂತಾ ಹೊರಗೆ ಬಂದಳು. ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

"ಖರೇ ಬೆಲಿ ಅಂದ್ರ ಇಷ್ಟ ಏನ್ರಿ? ನಮ್ಮಪ್ಪ ಸುಳ್ಳ ಹೇಳ್ಯಾನೋ, ಇಲ್ಲಾ ಎಂಜಿನ್ ತಗೊಳ್ಳುಮುಂದ ನೀವ ಮೋಸ ಹೋಗೀರೋ?"

ಮಾವನವರು ಪಕ್ಕದಲ್ಲೇ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ತಲೆ ತಗ್ಗಿಸಿ, "ನಾನ ಮೋಸ ಹೋಗೀನಿ," ಎಂದೆ.

"ಬೈಬ್ಯಾಡ ಮಗಳ," ಎಂದರು ಮಾವನವರು. "ಪಾಪ, ಅವರಿಗೆ ವ್ಯವಹಾರ ತಿಳಿಯಂಗಿಲ್ಲ."

ಅಂದು ಇಡೀ ದಿನದಲ್ಲಿ ಅವರ ಬಾಯಿಂದ ಬಂದ ನಿಜವಾದ ಮಾತು ಅದೊಂದೇ.